ಬಟ್ಟೆ ಮಲಗಿದ ಬೆಳಗ್ಗೆ

"ಆವತ್ತು ಗಾಳಿ ಇತ್ತಾ, ಇಲ್ವಾ? ಒಂದೇ ಮಾತಲ್ಲಿ ಹೇಳಮ್ಮ" ಎಂದು ದೊಡ್ಡಪ್ಪ ನನ್ನನ್ನು ಕೇಳಿದರು. ನಾನು ಒಂದೇ ಮಾತಲ್ಲಿ ಹೇಳಿದೆ. ಆ ಮಾತಿನಿಂದ ನಮ್ಮ ಅಕ್ಕನ ಒಂದು ಎಕರೆ ಹಿಪ್ಪುನೇರಳೆ ತೋಟ ಹೋಯಿತು. ಹೋಗಿ ಎರಡು ವರ್ಷವಾಗುತ್ತಾ ಬಂತು. ಅಂದು ನಾನು ಕಣ್ಣಾರೆ ಕಂಡದ್ದು ಯಾವುದು, ಆಮೇಲೆ ಯೋಚಿಸಿ ತಿಳಿದದ್ದು ಯಾವುದು, ತಿಳಿದೂ ಬಾಯಿ ಬಿಡದೆ ಕೂತದ್ದು ಯಾವುದು ಎಂಬುದನ್ನು ಬೇರೆ ಬೇರೆಯಾಗಿ ಇಟ್ಟು ಬರೆಯಬೇಕು ಎಂದುಕೊಂಡಿದ್ದೇನೆ. ಇವು ಮೂರೂ ನನ್ನ ತಲೆಯಲ್ಲಿ ಒಂದಕ್ಕೊಂದು ಅಂಟಿಕೊಳ್ಳುತ್ತಿವೆ. ಇನ್ನೂ ತಡ ಮಾಡಿದರೆ ಬಿಡಿಸಲು ಆಗುವುದಿಲ್ಲ.

ನಮ್ಮ ಊರು ಶಿಡ್ಲಘಟ್ಟ ತಾಲ್ಲೂಕಿನದು, ಮೇಲೂರಿನಿಂದ ಹೆಚ್ಚು ದೂರವಿಲ್ಲ. ಅಪ್ಪನ ಜಮೀನು ಇಳಿಜಾರಿನಲ್ಲಿದೆ. ಮೇಲಿನ ಭಾಗದಲ್ಲಿ ತಮ್ಮನ ದ್ರಾಕ್ಷಿ ಚಪ್ಪರ. ಚಪ್ಪರ ಹೊತ್ತ ಕಲ್ಲಿನ ಕಂಬಗಳಿಗೆ ನಾವು ಕಲ್ಲುಕೂಚ ಎನ್ನುತ್ತೇವೆ; ಕೊನೆಯ ಸಾಲಿನ ಕಲ್ಲುಕೂಚಗಳನ್ನು ದಾಟಿದರೆ, ಆಳೆತ್ತರ ಕೆಳಗೆ, ಅಕ್ಕನ ಹಿಪ್ಪುನೇರಳೆ ಇತ್ತು. ತೋಟದ ಕೆಳತುದಿಗೆ ಅವಳು ರೇಷ್ಮೆಹುಳ ಸಾಕುವ ಹುಳುಮನೆ, ಅದಕ್ಕೆ ಒತ್ತಿಕೊಂಡು ಒಂದು ಕೋಣೆ. ಅವಳ ಅಡುಗೆ, ನಿದ್ದೆ ಎಲ್ಲ ಆ ಕೋಣೆಯಲ್ಲೇ.

ಅಕ್ಕನನ್ನು ಗೌರಿಬಿದನೂರು ತಾಲ್ಲೂಕಿನ ನಗರಗೆರೆ ಕಡೆ ಕೊಟ್ಟಿತ್ತು. ಭಾವ ತೀರಿಕೊಂಡ ಮೇಲೆ ವಾಪಸು ಬಂದಳು. ಮಕ್ಕಳಿರಲಿಲ್ಲ. ಅಪ್ಪ ಆಗಿನ್ನೂ ಬದುಕಿದ್ದರು. ಅವರು ಮನೆಮಂದಿಯೆದುರು ಹೇಳಿದ ಮಾತು ನನಗೆ ಅಕ್ಷರಶಃ ನೆನಪಿದೆ: "ನೀನು ಹುಳ ಮೇಯಿಸೋವರ್ಗೂ ಈ ಎಕರೆ ನಿಂದೇ ಕಣಮ್ಮ." ಅದನ್ನು ಕಾಗದದಲ್ಲಿ ಬರೆಸಲಿಲ್ಲ. ಹೆಣ್ಣುಮಕ್ಕಳು ನಾವಿಬ್ಬರೂ ನಮ್ಮ ಹಕ್ಕು ಬಿಟ್ಟು ಎಂದೋ ಸಹಿ ಹಾಕಿದ್ದೆವು. ಅಕ್ಕನಿಗೆ ಇದ್ದದ್ದು ಆ ಮಾತೊಂದೇ. ಮಾತು ಕೊಡುವಾಗ ಅಪ್ಪ ಅದನ್ನು ಉಡುಗೊರೆ ಎಂದೇ ಭಾವಿಸಿದ್ದರು. ನಾನೂ ಹಾಗೇ ಅಂದುಕೊಂಡಿದ್ದೆ. "ಮೇಯಿಸೋವರ್ಗೂ" ಎಂಬುದರಲ್ಲಿ ಒಂದು ಕೊನೆಯೂ ಇದೆ ಎಂದು ಯಾರೂ ಆಗ ಗಮನಿಸಲಿಲ್ಲ. ಅಕ್ಕ ಗಮನಿಸಿದ್ದಳೋ ಏನೋ. ಜ್ವರ ಬಂದು ಮೈ ಸುಡುತ್ತಿದ್ದರೂ ಅವಳು ಒಂದು ಬೆಳೆಯನ್ನೂ ಬಿಟ್ಟದ್ದಿಲ್ಲ.

ದ್ರಾಕ್ಷಿ ಮತ್ತು ಹಿಪ್ಪುನೇರಳೆ ಒಳ್ಳೆಯ ನೆರೆಹೊರೆಯಲ್ಲ. ದ್ರಾಕ್ಷಿಗೆ ಹೊಡೆಯುವ ಔಷಧಿ ಇರುವುದೇ ಹುಳ ಕೊಲ್ಲುವುದಕ್ಕೆ. ಸೊಪ್ಪಿನ ಮೇಲೆ ಅದು ಸ್ವಲ್ಪ ಕೂತರೂ ರೇಷ್ಮೆಹುಳ ಉಳಿಯುವುದಿಲ್ಲ. ಅದಕ್ಕೆ ನಮ್ಮ ಊರಿನಲ್ಲಿ ಒಂದು ಕಟ್ಟಳೆ ಮಾಡಿಕೊಂಡಿದ್ದರು. ಎರಡು ತೋಟಗಳ ನಡುವಿನ ಕಲ್ಲುಕೂಚದ ತುದಿಗೆ ಹಳೆ ಸೀರೆಯ ಒಂದು ಪಟ್ಟಿ ಕಟ್ಟಬೇಕು. ಪಟ್ಟಿ ಅಲ್ಲಾಡುತ್ತಿದ್ದರೆ "ಬಟ್ಟೆ ಎದ್ದಿದೆ" ಎನ್ನುತ್ತಿದ್ದರು. ಎದ್ದಿರುವಾಗ ಔಷಧಿ ಹೊಡೆಯುವ ಹಾಗಿಲ್ಲ. ಹೊಡೆಯಲೇಬೇಕಾದರೆ ಹುಳದವರಿಗೆ ಹಿಂದಿನ ದಿನವೇ ಹೇಳಬೇಕು. ಅವರು ಎರಡು ಹೊತ್ತಿನ ಸೊಪ್ಪು ಮುಂಚೆಯೇ ಕುಯ್ದು ಒದ್ದೆ ಗೋಣಿಯ ಕೆಳಗೆ ಇಟ್ಟುಕೊಳ್ಳುತ್ತಾರೆ. ಪಟ್ಟಿ ಕಲ್ಲಿಗೆ ಅಂಟಿದ ಹಾಗೆ ನೇತಾಡುತ್ತಿದ್ದರೆ "ಬಟ್ಟೆ ಮಲಗಿದೆ." ಮಲಗಿರುವಾಗ ಹೊಡೆಯಬಹುದು, ಯಾರಿಗೂ ಹೇಳಬೇಕಾಗಿಲ್ಲ. ಜಗಳ ಬಂದರೆ ಪಂಚಾಯ್ತಿಯಲ್ಲಿ ಕೇಳುವ ಪ್ರಶ್ನೆಯೂ ಅದೇ. ಬಟ್ಟೆ ಎದ್ದಿತ್ತಾ, ಮಲಗಿತ್ತಾ? ಈ ಕಟ್ಟಳೆಯಿಂದ ಎಷ್ಟೋ ವರ್ಷ ಯಾರಿಗೂ ಅನ್ಯಾಯವಾಗಲಿಲ್ಲ. ಅದು ಒಳ್ಳೆಯ ಕಟ್ಟಳೆ ಎಂದು ಈಗಲೂ ಹೇಳುತ್ತೇನೆ. ಅದು ದಪ್ಪ ಹನಿಗಳಿಗಾಗಿ ಮಾಡಿದ ಕಟ್ಟಳೆ, ಅಷ್ಟೇ.

ನಾನು ಚಿಕ್ಕಬಳ್ಳಾಪುರದ ಒಂದು ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುತ್ತೇನೆ. ಅದಕ್ಕೆ ಮುಂಚೆ ಆರು ವರ್ಷ ಒಂದು ಪ್ರಯೋಗಾಲಯದಲ್ಲಿ ಹನಿಗಳನ್ನು ನೋಡಿಕೊಂಡಿದ್ದೆ. ಒಂದು ಹನಿ ಮೇಲಿನಿಂದ ಬಿದ್ದು ಒಂದು ಮೇಲ್ಮೈಯನ್ನು ಮುಟ್ಟುವ ಗಳಿಗೆಯಲ್ಲಿ ಏನಾಗುತ್ತದೆ ಎಂಬುದು ನನ್ನ ವಿಷಯ. ಮುಟ್ಟುವ ಮುನ್ನ ಹನಿಯ ಅಡಿಯಲ್ಲಿ ತೆಳ್ಳನೆಯ ಗಾಳಿಯ ಪದರ ಸಿಕ್ಕಿಕೊಳ್ಳುತ್ತದೆ. ಆ ಗಾಳಿ ಪಕ್ಕಕ್ಕೆ ಹೋಗಲು ಸಮಯ ಸಿಗದಿದ್ದರೆ ಕೆಲವು ಹನಿ ಅದರ ಮೇಲೆಯೇ ಕುಪ್ಪಳಿಸಿ ಎದ್ದುಬಿಡುತ್ತವೆ, ಮುಟ್ಟುವುದೇ ಇಲ್ಲ. ಕೆಲವು ಹನಿ ಮುಟ್ಟುತ್ತವೆ, ಆದರೆ ಸಿಕ್ಕಿಬಿದ್ದ ಗಾಳಿ ಒಂದು ಗುಳ್ಳೆಯಾಗಿ ಅವುಗಳ ಹೊಟ್ಟೆಯಲ್ಲಿ ಉಳಿಯುತ್ತದೆ. ಮೇಣದಂಥ ಮೇಲ್ಮೈಯಾದರೆ ಹನಿ ಹರಡದೆ ಮಣಿಯಾಗಿ ಕೂರುತ್ತದೆ, ಸ್ವಲ್ಪ ಓರೆ ಮಾಡಿದರೆ ಉರುಳುತ್ತದೆ. ಇದರಲ್ಲಿ ಯಾವುದೂ ಸ್ವಲ್ಪ ಸ್ವಲ್ಪವಾಗಿ ಬದಲಾಗುವುದಿಲ್ಲ. ಎತ್ತರವನ್ನು ಕೂದಲೆಳೆಯಷ್ಟು ಹೆಚ್ಚಿಸಿದರೆ ಎಲ್ಲವೂ ಹಾಗೇ ಇರುತ್ತದೆ. ಮತ್ತೊಂದು ಕೂದಲೆಳೆ ಹೆಚ್ಚಿಸಿದರೆ ಹನಿ ಚೂರುಚೂರಾಗಿ ಸಿಡಿದುಬಿಡುತ್ತದೆ. ಆ ಗಡಿ ಎಲ್ಲಿದೆ ಎಂದು ಹುಡುಕುವುದೇ ನಮ್ಮ ಕೆಲಸ. ಹೊರಗಿನ ಗಾಳಿ ತಾಗಬಾರದು ಎಂದು ಹನಿಯ ಸುತ್ತ ಗಾಜಿನ ಪೆಟ್ಟಿಗೆ ಇಟ್ಟಿರುತ್ತಿದ್ದೆವು. ನಾನು ನೋಡಿದ ಸಾವಿರಾರು ಹನಿಗಳಲ್ಲಿ ಒಂದೂ ಆ ಪೆಟ್ಟಿಗೆಯಿಂದ ಆಚೆ ಹೋಗಲಿಲ್ಲ.

ಒಂದು ದಿನ ತಮ್ಮ ಫೋನು ಮಾಡಿದ. ಅವನು ಅಕ್ಕನನ್ನು ದೊಡ್ಡಕ್ಕ, ನನ್ನನ್ನು ಚಿಕ್ಕಕ್ಕ ಎನ್ನುತ್ತಾನೆ.

"ಚಿಕ್ಕಕ್ಕ, ನೀನು ನೀರ್ ಹನಿ ಮೇಲೆ ಅದೇನೋ ಓದಿದ್ಯಲ್ಲ, ಅದ್ರಿಂದ ಇವತ್ತಿನವರ್ಗೂ ಯಾರಾದ್ರೂ ಒಂದ್ ಬೆಂಡೆಕಾಯಿ ಬೆಳ್ದವ್ರಾ?"

"ಇಲ್ಲಪ್ಪ."

"ಹಂಗಾದ್ರೆ ಈ ಶನಿವಾರ ಬಾ. ದ್ರಾಕ್ಷಿಗೆ ಹಿಟ್ಟುತಿಗಣೆ ಬಿದ್ದೈತೆ. ಎಷ್ಟ್ ಔಷಧಿ ಹೊಡುದ್ರೂ ಮುತ್ತಿನ ಥರ ಉರುಳ್ಕೊಂಡ್ ಹೋಗ್ತೈತೆ. ಆ ಮುಂಡೇವು ಮಳೆ ಕೋಟು ಹಾಕ್ಕೊಂಡವೆ ಕಣೇ."

ನಾನು ನಕ್ಕೆ. ಇಷ್ಟು ವರ್ಷಗಳಲ್ಲಿ ನಮ್ಮ ಮನೆಯವರು ನನ್ನ ವಿಷಯದ ಬಗ್ಗೆ ನನ್ನನ್ನು ಏನಾದರೂ ಕೇಳಿದ್ದು ಅದೇ ಮೊದಲು. ಆ ಸಂತೋಷವನ್ನೂ ಇಲ್ಲಿ ಬರೆದಿಡಬೇಕು. ಮುಂದೆ ಆದದ್ದರಲ್ಲಿ ಅದರದ್ದೂ ಪಾಲಿದೆ.

ಶನಿವಾರ ಹೋದೆ. ತಮ್ಮ ಹೇಳಿದ್ದು ಸರಿಯಾಗಿತ್ತು. ಹಿಟ್ಟುತಿಗಣೆಯ ಮೈಮೇಲಿನ ಬಿಳಿ ಪುಡಿ ಮೇಣದ್ದು. ಅವನ ಸ್ಪ್ರೇಯರಿನಿಂದ ಬರುತ್ತಿದ್ದ ದಪ್ಪ ಹನಿ ಅದರ ಮೇಲೆ ಬಿದ್ದು, ಚಪ್ಪಟೆಯಾಗಿ, ಮತ್ತೆ ದುಂಡಗಾಗಿ, ಉರುಳಿ ನೆಲಕ್ಕೆ ಹೋಗುತ್ತಿತ್ತು. ನಾನು ಪ್ರಯೋಗಾಲಯದಲ್ಲಿ ಕಂಡದ್ದೇ ದ್ರಾಕ್ಷಿಯ ಗೊಂಚಲಿನ ಮೇಲೆ ನಡೆಯುತ್ತಿತ್ತು. "ಹನಿ ಸಣ್ಣದಾಗ್ಬೇಕು ಕಣೋ. ಸಣ್ಣ ಹನಿಗೆ ಉರುಳೋಷ್ಟು ತೂಕ ಇರಲ್ಲ, ಕೂತಲ್ಲೇ ಕೂರುತ್ತೆ" ಎಂದೆ. ಮಧ್ಯಾಹ್ನ ಇಬ್ಬರೂ ಚಿಂತಾಮಣಿಗೆ ಹೋಗಿ ಸ್ಪ್ರೇಯರಿನ ಮೂತಿಗೆ ಹಾಕುವ ಬಿಲ್ಲೆ ತಂದೆವು. ಅಂಗಡಿಯಲ್ಲಿದ್ದ ಬಿಲ್ಲೆಗಳಲ್ಲಿ ಅತಿ ಸಣ್ಣ ತೂತಿನದನ್ನು ಆರಿಸಿದ್ದು ನಾನು. ಔಷಧಿ ಎಲೆಗೆ ಅಂಟಿಕೊಳ್ಳಲು ಬೆರೆಸುವ ಗಮ್ಮನ್ನೂ ತಂದೆವು. ಸಂಜೆ ಬರೀ ನೀರು ಹಾಕಿ ಹೊಡೆದು ನೋಡಿದೆವು. ಮಂಜಿನ ಹಾಗೆ ಬಂತು. ತಿಗಣೆಯ ಮೈ ತೋಯ್ದು, ಬಿಳಿ ಹೋಗಿ, ಒಳಗಿನ ಬಣ್ಣ ಕಂಡಿತು.

"ನೋಡ್ದಾ, ಕೋಟು ಬಿಚ್ಚಾಯ್ತು" ಎಂದ ತಮ್ಮ. ಅವನು ನನ್ನ ಬೆನ್ನು ತಟ್ಟಿದ. ಅವನು ಹಾಗೆ ತಟ್ಟುವುದು ಎತ್ತುಗಳಿಗೆ ಮಾತ್ರ.

ಆಮೇಲೆ ನಾನು ಇನ್ನೊಂದು ಮಾತು ಹೇಳಿದೆ. ಅದನ್ನು ಯಾರೂ ಕೇಳಿರಲಿಲ್ಲ. "ಇಷ್ಟು ಸಣ್ಣ ಹನಿ ಸಂಜೆ ಗಾಳಿಗೆ ಹಾರೋಗುತ್ತೆ. ಬೆಳಿಗ್ಗೆ ಬಿಸಿಲು ಏಳೋದಕ್ಕೆ ಮುಂಚೆ ಹೊಡಿ. ಆವಾಗ ಗಾಳಿ ಇರಲ್ಲ."

ಮರುದಿನ ಭಾನುವಾರ. ಬೆಳಕು ಹರಿದಿತ್ತು, ಬಿಸಿಲು ಬಂದಿರಲಿಲ್ಲ. ಚಳಿಯಿತ್ತು. ತಮ್ಮನ ಜೊತೆ ನಾನೂ ಚಪ್ಪರದ ಹತ್ತಿರ ಹೋದೆ. ಇಬ್ಬರೂ ಬಟ್ಟೆ ನೋಡಿದೆವು. ಅದು ಕಲ್ಲಿಗೆ ಒರಗಿಕೊಂಡು ಮಲಗಿತ್ತು. ಎಳೆಯೂ ಅಲ್ಲಾಡುತ್ತಿರಲಿಲ್ಲ. ತಮ್ಮ ಸ್ಪ್ರೇಯರಿನ ಎಂಜಿನ್ ಶುರುಮಾಡಿದ. ನಾನು ದೂರ ನಿಂತು ನೋಡುತ್ತಿದ್ದೆ. ಹಿಂದಿನ ಸಂಜೆ ಹೊಡೆದ ನೀರು ಸ್ವಲ್ಪ ಹೊತ್ತಿಗೇ ಕಾಣದಾಗಿತ್ತು. ಬೆಳಗಿನ ಔಷಧಿಯ ಮಂಜು ಹಾಗಾಗಲಿಲ್ಲ. ಅದು ಚಪ್ಪರದ ಕೆಳಗೆ ಒಂದು ಹಾಳೆಯ ಹಾಗೆ ಉಳಿಯಿತು. ಮೇಲೂ ಏಳಲಿಲ್ಲ, ಕೆಳಗೂ ಇಳಿಯಲಿಲ್ಲ. ಕೆಳಗಡೆ ಅಕ್ಕ ನೀರೊಲೆ ಹಚ್ಚಿದ್ದಳು. ಅದರ ಹೊಗೆಯೂ ಹಾಗೇ ಮೇಲೇಳದೆ, ಮಾಡಿನ ಎತ್ತರಕ್ಕೆ ಹೋಗಿ, ಅಡ್ಡ ತಿರುಗಿ, ತೋಟದ ಕೆಳಗಿನ ಹಳ್ಳದ ಕಡೆ ನಿಧಾನವಾಗಿ ಜಾರುತ್ತಿತ್ತು. ನೀರು ಹರಿಯುವ ಹಾಗೆ. ಇದು ನಾನು ಕಣ್ಣಾರೆ ಕಂಡದ್ದು. ಕಂಡು ನನಗೆ ಅನ್ನಿಸಿದ್ದು, ಎಷ್ಟು ಚೆನ್ನಾಗಿದೆ ಎಂದು. ಫೋಟೋ ಕೂಡ ತೆಗೆದೆ.

ಅಕ್ಕ ಏಳು ಗಂಟೆಯ ಸುಮಾರಿಗೆ ಸೊಪ್ಪು ಕುಯ್ಯಲು ಬಂದಳು. ಎಂಜಿನ್ನಿನ ಸದ್ದು ಅವಳಿಗೂ ಕೇಳಿತ್ತು. ಅವಳೂ ತಲೆಯೆತ್ತಿ ಬಟ್ಟೆ ನೋಡಿದಳು. ಅವಳು ನೋಡಿದ್ದನ್ನು ನಾನು ನೋಡಿದೆ.

"ಏನೇ, ಮೇಷ್ಟ್ರಮ್ಮ ಬೆಳ್ಬೆಳಿಗ್ಗೆ ತೋಟಕ್ಕೆ ಬಂದವ್ರೆ? ಮೋಡ ಮುಚ್ಕೊಂತದೆ ಇವತ್ತು!"

"ನಿನ್ನ ತಮ್ಮನಿಗೆ ಪಾಠ ಹೇಳಕ್ ಬಂದಿದ್ದೆ ಕಣಕ್ಕ."

"ಅವನಿಗಾ? ಇಸ್ಕೂಲಲ್ಲಿ ಆಗ್ದೇ ಇರೋದು ನಿನ್ ಕೈಲಾಗುತ್ತಾ? ಬಾ, ಕಾಫಿ ಕುಡಿಯೋಣ."

ಅವಳು ಕುಯ್ದ ಸೊಪ್ಪಿನ ಒಂದು ಹೊರೆಯನ್ನು ನಾನೇ ಹೊತ್ತು ಹುಳುಮನೆಯ ಬಾಗಿಲಿಗೆ ತಂದು ಹಾಕಿದೆ.

ನಾಲ್ಕನೇ ಜ್ವರ ಎದ್ದು ಐದು ದಿನವಾಗಿದ್ದ ಹುಳ ಅವು. ನಾಲ್ಕನೇ ಸಲ ಪೊರೆ ಬಿಟ್ಟ ಮೇಲೆ ಹುಳ ಹಗಲು ರಾತ್ರಿ ತಿನ್ನುತ್ತದೆ. ಇನ್ನೆರಡು ಮೂರು ದಿನ ತಿಂದಿದ್ದರೆ ಹಣ್ಣಾಗಿ, ಚಂದ್ರಿಕೆ ಎಂಬ ಬಿದಿರಿನ ತಟ್ಟಿ ಹತ್ತಿ ಗೂಡು ಕಟ್ಟುತ್ತಿದ್ದವು. ಮಧ್ಯಾಹ್ನ ನಾನು ಊಟ ಮುಗಿಸಿ ತಮ್ಮನ ಮನೆಯ ಜಗುಲಿಯಲ್ಲಿ ಕೂತಿದ್ದಾಗ ಅಕ್ಕ ಬಂದು ನಿಂತಳು. ಸೆರಗು ಸರಿಯಾಗಿರಲಿಲ್ಲ. "ಬಾ ಇಲ್ಲಿ" ಎಂದಳು ಅಷ್ಟೇ. ಹೋದೆ. ಹುಳುಗಳು ಸೊಪ್ಪು ಬಿಟ್ಟು ತಲೆಯೆತ್ತಿ ಎರಡೂ ಕಡೆಗೆ ಕೊಡವುತ್ತಿದ್ದವು, ಏನನ್ನೋ ಬೇಡವೆನ್ನುವ ಹಾಗೆ. ಕೆಲವುಗಳ ಬಾಯಿಂದ ಹಸಿರು ನೀರು ಬರುತ್ತಿತ್ತು. ಕೆಲವು ಆಗಲೇ ಕುಗ್ಗಿ ಅರ್ಧ ಬೆರಳಿನಷ್ಟಾಗಿದ್ದವು. ಸೊಪ್ಪು ತಿನ್ನುವ ಸದ್ದು ಪೂರ್ತಿ ನಿಂತಿತ್ತು. ಅಕ್ಕ ಒಂದು ಹುಳವನ್ನು ಅಂಗೈಯಲ್ಲಿಟ್ಟುಕೊಂಡು ಸೆರಗಿನ ತುದಿಯಿಂದ ಅದರ ಬಾಯಿ ಒರೆಸಿದಳು. ಅದು ಸತ್ತ ಮೇಲೆ ಇನ್ನೊಂದನ್ನು ಎತ್ತಿಕೊಂಡಳು. ಹೀಗೆ ಎಷ್ಟನ್ನು ಒರೆಸಿದಳೋ ನಾನು ಎಣಿಸಲಿಲ್ಲ. ಸಂಜೆಯ ಹೊತ್ತಿಗೆ ಎಲ್ಲ ಮುಗಿಯಿತು. ಮರುದಿನ ಗುಂಡಿ ತೋಡಿ ಸುಣ್ಣ ಹಾಕಿ ಮುಚ್ಚಿದಳಂತೆ. ಅದನ್ನು ನಾನು ಕೇಳಿದ್ದು. ನಾನು ಆಗಲೇ ಚಿಕ್ಕಬಳ್ಳಾಪುರದ ಬಸ್ಸು ಹತ್ತಿದ್ದೆ.

ಅಕ್ಕ ತಮ್ಮನನ್ನು ಕೇಳಿದಳು. "ಬಟ್ಟೆ ಮಲಗಿತ್ತು ದೊಡ್ಡಕ್ಕ. ನೀನೂ ನೋಡಿದ್ಯಲ್ಲ" ಎಂದ. ಅವನು ಸುಳ್ಳು ಹೇಳಲಿಲ್ಲ. ಬಟ್ಟೆ ಮಲಗಿತ್ತು ಎಂದಾದರೆ ತಪ್ಪು ದ್ರಾಕ್ಷಿಯದ್ದಲ್ಲ, ಹುಳ ಮೇಯಿಸಿದವಳದ್ದು. ಮುಂಚಿನ ಬೆಳೆಯಲ್ಲಿ ಅರ್ಧದಷ್ಟು ಹುಳ ಸಪ್ಪೆ ರೋಗದಲ್ಲಿ ಹೋಗಿದ್ದವು. ಈಗ ಇದೂ ಸಪ್ಪೆ ಎಂದು ಜನ ಆಡಿಕೊಂಡರು. ಒದ್ದೆ ಸೊಪ್ಪು ಹಾಕಿರಬೇಕು, ವಯಸ್ಸಾಯಿತು, ಒಬ್ಬಳ ಕೈಯಲ್ಲಿ ಎಷ್ಟಾಗುತ್ತದೆ ಎಂದರು. ಇನ್ನು ಬೇಡ, ಬಿಟ್ಟು ಬಂದು ತಮ್ಮನ ಮನೆಯಲ್ಲಿ ಇರಲಿ ಎಂದರು. ಎಲ್ಲರೂ ಮರುಕದಿಂದಲೇ ಹೇಳಿದ್ದು. ಅಪ್ಪನ ಮಾತಿನಲ್ಲಿದ್ದ ಕೊನೆ ಹೀಗೆ ಹತ್ತಿರ ಬಂತು.

ನನಗೆ ತಿಳಿದದ್ದು ಬುಧವಾರ. ಸ್ಟಾಫ್ ರೂಮಿನಲ್ಲಿ ಕೂತು, ಫೋನಿನಲ್ಲಿದ್ದ ಆ ಹೊಗೆಯ ಫೋಟೋ ನೋಡುತ್ತಿದ್ದೆ. ಅದು ಒಮ್ಮೆಗೇ ಬೇರೆಯಾಗಿ ಕಂಡಿತು.

ಗಾಳಿಯಲ್ಲಿ ಬೀಳುವ ಸಣ್ಣ ಹನಿಯ ಅಡ್ಡಳತೆ ಅರ್ಧವಾದರೆ ಅದು ಬೀಳುವ ವೇಗ ಅರ್ಧವಾಗುವುದಿಲ್ಲ, ಕಾಲು ಭಾಗವಾಗುತ್ತದೆ. ಮತ್ತೊಮ್ಮೆ ಅರ್ಧವಾದರೆ ಹದಿನಾರರಲ್ಲಿ ಒಂದು ಭಾಗ. ಇಷ್ಟನ್ನು ನಾನು ಎರಡನೇ ವರ್ಷದ ಮಕ್ಕಳಿಗೆ ಪ್ರತಿ ವರ್ಷ ಕಲಿಸುತ್ತೇನೆ. ಬೀಳುತ್ತಾ ಬೀಳುತ್ತಾ ಹನಿಯ ನೀರು ಆರುತ್ತದೆ, ಹನಿ ಇನ್ನೂ ಸಣ್ಣದಾಗುತ್ತದೆ. ಅದರೊಳಗಿನ ವಿಷ ಮಾತ್ರ ಇದ್ದಷ್ಟೇ ಇರುತ್ತದೆ. ಕೊನೆಗೆ ಅದು ಬೀಳುವುದನ್ನೇ ಬಿಟ್ಟು, ಗಾಳಿ ಹೋದಲ್ಲಿಗೆ ಹೋಗುತ್ತದೆ. ಬಿಸಿಲೇರಿದ ಮೇಲೆ ನೆಲ ಕಾದು ಗಾಳಿ ಮೇಲಕ್ಕೂ ಕೆಳಕ್ಕೂ ಕಲಸಿಕೊಂಡು ಅಂಥ ಹನಿಗಳನ್ನು ಚೆದುರಿಸುತ್ತದೆ. ಚಳಿಯ ಬೆಳಗಿನಲ್ಲಿ ಹಾಗಾಗುವುದಿಲ್ಲ. ನೆಲಕ್ಕೆ ತಾಗಿದ ಗಾಳಿ ತಣ್ಣಗಾಗಿ ಭಾರವಾಗಿ, ಮೇಲಿನ ಬೆಚ್ಚಗಿನ ಗಾಳಿಯೊಂದಿಗೆ ಬೆರೆಯದೆ, ಇಳಿಜಾರಿನಲ್ಲಿ ಕೆಳಗೆ ಜಾರುತ್ತದೆ. ಎಷ್ಟು ನಿಧಾನ ಎಂದರೆ ಒಂದು ಸೀರೆಯ ಪಟ್ಟಿಯನ್ನು ಅಲ್ಲಾಡಿಸಲೂ ಅದಕ್ಕೆ ಬಲವಿಲ್ಲ. ಸಾಲದ್ದಕ್ಕೆ ಆ ಪಟ್ಟಿ ಕಲ್ಲಿನ ತುದಿಯಲ್ಲಿತ್ತು, ಗಾಳಿ ಮೊಣಕಾಲಿನ ಎತ್ತರದಲ್ಲಿ ಹೋಗುತ್ತಿತ್ತು. ದಪ್ಪ ಹನಿಗೆ ಅತ್ಯಂತ ಒಳ್ಳೆಯ ಹೊತ್ತು ಸಣ್ಣ ಹನಿಗೆ ಅತ್ಯಂತ ಕೆಟ್ಟ ಹೊತ್ತು. ಬಿಲ್ಲೆಯ ತೂತಿನಲ್ಲಿ ನಾವು ದಾಟಿದ್ದು ಆ ಗಡಿಯನ್ನು.

ಆರು ವರ್ಷ ನಾನು ಮೇಲ್ಮೈಯವರೆಗೆ ಬಂದ ಹನಿಗಳನ್ನು ಮಾತ್ರ ನೋಡಿದ್ದೆ. ಅಲ್ಲಿಗೆ ಬಾರದೆ ದಾರಿ ತಪ್ಪಿದ ಹನಿ ನಮ್ಮ ಲೆಕ್ಕದಲ್ಲಿ ಕೆಟ್ಟುಹೋದ ಪ್ರಯೋಗ, ಅದನ್ನು ಅಳಿಸಿಹಾಕುತ್ತಿದ್ದೆವು.

ಅದೇ ದಿನ ತಮ್ಮನಿಗೆ ಫೋನು ಮಾಡಿ ಹೇಳಿದೆ. ಅವನು ಪೂರ್ತಿ ಕೇಳಿಸಿಕೊಂಡ.

"ಚಿಕ್ಕಕ್ಕ, ಬಿಲ್ಲೆ ಆರಿಸಿದ್ದು ಯಾರು?"

"ನಾನು."

"ಬೆಳಿಗ್ಗೆ ಹೊಡಿ ಅಂದಿದ್ದು?"

"ನಾನೇ."

"ಮತ್ತೆ? ನಾನು ದೊಡ್ಡಕ್ಕನ ಮುಂದೆ ಏನಂತ ಹೇಳ್ಲಿ? ನೀನು ಹೇಳ್ತೀಯಾ, ಹೇಳ್ಕೊ. ನಾನು ಅಡ್ಡ ಬರಲ್ಲ." ಆಮೇಲೆ, "ದ್ರಾಕ್ಷಿಗಂತೂ ಚೆನ್ನಾಗ್ ಹಿಡೀತು ಕಣೇ" ಎಂದ. ಅದರಲ್ಲಿ ವ್ಯಂಗ್ಯವಿರಲಿಲ್ಲ. ಅದು ನಿಜವಾಗಿ ಹಿಡಿದಿತ್ತು.

ಭಾನುವಾರ ತಮ್ಮನ ಅಂಗಳದಲ್ಲಿ ಕೂತೆವು. ಪಂಚಾಯ್ತಿ ಎಂದು ಯಾರೂ ಕರೆಯಲಿಲ್ಲ, ಮಾತಾಡೋಣ ಎಂದರು. ದೊಡ್ಡಪ್ಪ ಎಂದರೆ ಅಪ್ಪನ ದೊಡ್ಡಪ್ಪನ ಮಗ. ಪಕ್ಕದ ಜಮೀನಿನವರು, ಇಂಥ ಮಾತು ತೀರ್ಮಾನ ಮಾಡುವವರು ಅವರೇ. ಜೊತೆಗೆ ಅಕ್ಕಪಕ್ಕದ ಮೂವರು. ಅಕ್ಕ ಬಾಗಿಲ ಪಕ್ಕದಲ್ಲಿ ನಿಂತಿದ್ದಳು, ಕೂತುಕೋ ಎಂದರೂ ಕೂರಲಿಲ್ಲ.

"ಏನಮ್ಮಾ, ಎರಡ್ ಬೆಳೆ ಹೋಯ್ತು. ಸಪ್ಪೆನೇ ಅಲ್ವಾ ಇದು?" ದೊಡ್ಡಪ್ಪ ಅಕ್ಕನನ್ನು ಕೇಳಿದರು.

"ಸಪ್ಪೆ ಅಲ್ಲ ದೊಡ್ಡಪ್ಪ. ಔಷಧಿ. ಹಸಿರು ನೀರ್ ಕಾರ್ಕೊಂಡ್ವು. ಸಪ್ಪೆ ಹುಳ ನಂಗೊತ್ತಿಲ್ವಾ? ಮೂವತ್ತ್ ವರ್ಷದಿಂದ ಮೇಯಿಸ್ತಿದೀನಿ."

"ಔಷಧಿ ಹೆಂಗ್ ಬಂತಮ್ಮ, ಗಾಲಿ ಲೇದು ಗದಾ, ಗಾಳಿನೇ ಇರ್ಲಿಲ್ವಲ್ಲ? ಬಟ್ಟೆ ಮಲಗಿತ್ತಂತೆ. ನಡ್ಕೊಂಡ್ ಬಂತಾ ಅದು, ಚಪ್ಲಿ ಹಾಕ್ಕೊಂಡು?"

ಮೂವರಲ್ಲಿ ಒಬ್ಬರು ನಕ್ಕರು. ಅಕ್ಕ ನನ್ನ ಕಡೆ ನೋಡಿದಳು. "ಇವಳೂ ಅಲ್ಲೇ ಇದ್ಳು. ಇವಳನ್ ಕೇಳಿ. ಓದಿದವಳು" ಎಂದಳು. ನಾನು ಏನು ಹೇಳುತ್ತೇನೆ ಎಂದು ಅವಳಿಗೆ ಗೊತ್ತಿರಲಿಲ್ಲ. ಆದರೂ ನನ್ನನ್ನೇ ಸಾಕ್ಷಿಗೆ ಕರೆದಳು.

ಆಗ ದೊಡ್ಡಪ್ಪ ಕೇಳಿದ್ದು ಆ ಪ್ರಶ್ನೆ. ಗಾಳಿ ಇತ್ತಾ, ಇಲ್ವಾ.

ನಾನು ಹೇಳಬೇಕಾಗಿದ್ದದ್ದು ಇಷ್ಟು: ಇತ್ತು. ಕಾಣದಷ್ಟು ಮೆಲ್ಲಗೆ, ಚಪ್ಪರದಿಂದ ಅಕ್ಕನ ತೋಟದ ಕಡೆಗೆ. ನಾನು ಹೊಗೆಯಲ್ಲಿ ಕಂಡೆ. ತಪ್ಪು ನನ್ನದು, ಬಿಲ್ಲೆ ನನ್ನದು. ಒಂದು ಉಸಿರಿನಲ್ಲಿ ಹೇಳಿ ಮುಗಿಸಬಹುದಾದ ಮಾತು. ನಾನು ಹೇಳಿದ್ದು: "ಇರ್ಲಿಲ್ಲ. ಆದ್ರೆ ದೊಡ್ಡಪ್ಪ, ಆ ಸಣ್ಣ ಹನಿಗಳು..."

"ಆಯ್ತಲ್ಲ" ಎಂದರು ದೊಡ್ಡಪ್ಪ. ತಮ್ಮನ ಹೆಂಡತಿ ಕಾಫಿ ತಂದಳು. ಲೋಟಗಳು ಕೈಯಿಂದ ಕೈಗೆ ಹೋದವು. ನನ್ನ "ಆದ್ರೆ" ಅಲ್ಲೇ ಎಲ್ಲೋ ಬಿತ್ತು. ನಾನು ಅದನ್ನು ಮತ್ತೆ ಎತ್ತಿಕೊಳ್ಳಲಿಲ್ಲ. ಲೋಟ ತೆಗೆದುಕೊಂಡು ಕಾಫಿ ಕುಡಿದೆ.

"ಇರ್ಲಿಲ್ಲ" ಎಂದು ಯಾಕೆ ಶುರುಮಾಡಿದೆ ಎಂದು ನನ್ನನ್ನೇ ಬಹಳ ಸಲ ಕೇಳಿಕೊಂಡಿದ್ದೇನೆ. ಬಟ್ಟೆ ಅಲ್ಲಾಡದಿದ್ದರೆ ಅವರ ಮಾತಿನಲ್ಲಿ ಗಾಳಿ ಇಲ್ಲ ಎಂದೇ ಅರ್ಥ, ಅವರ ಪ್ರಶ್ನೆಗೆ ಅವರ ಅರ್ಥದಲ್ಲೇ ಉತ್ತರ ಕೊಟ್ಟೆ ಎಂದು ಕೆಲವು ದಿನ ಸಮಾಧಾನ ಮಾಡಿಕೊಂಡೆ. ಅದು ನಿಜವಲ್ಲ. ತವರಿನಲ್ಲಿ ಉಳಿದಿರುವುದು ತಮ್ಮನ ಮನೆಯೊಂದೇ ಎಂಬ ಹೆದರಿಕೆಯೂ ಇತ್ತು. ಅದಕ್ಕಿಂತ ಹೆಚ್ಚಾಗಿ ನಾಚಿಕೆ. ಹನಿಗಳ ವಿಷಯದಲ್ಲೇ ತಪ್ಪಿದೆ ಎಂದು ಆ ಮೂವರು ರೈತರ ಮುಂದೆ ಒಪ್ಪಿಕೊಳ್ಳಲು ನನ್ನ ನಾಲಿಗೆ ಏಳಲಿಲ್ಲ.

ಹುಳ ಮೇಯಿಸುವುದು ನಿಲ್ಲಿಸಿ, ಎಕರೆಯನ್ನು ತಮ್ಮನಿಗೆ ಬಿಟ್ಟುಕೊಟ್ಟು, ಅಕ್ಕ ಅವನ ಮನೆಯಲ್ಲಿ ಇರುವುದು ಎಂದು ತೀರ್ಮಾನವಾಯಿತು. ಅಕ್ಕ ಎಲ್ಲರಿಗಿಂತ ಮುಂಚೆ ತನ್ನ ಕೋಣೆಯ ಕಡೆ ಇಳಿದು ಹೋದಳು.

ಎರಡು ವಾರವಾದ ಮೇಲೆ ತಮ್ಮ ದ್ರಾಕ್ಷಿಗೆ ತಾಮ್ರದ ನೀಲಿ ಔಷಧಿ ಹೊಡೆಯುತ್ತಾನೆ ಎಂದು ತಿಳಿದು ನಾನು ಮತ್ತೆ ಊರಿಗೆ ಹೋದೆ. ಹಿಪ್ಪುನೇರಳೆ ಇನ್ನೂ ನಿಂತಿತ್ತು. ಅದೇ ಬಿಲ್ಲೆ, ಅದೇ ಹೊತ್ತು, ಮಲಗಿದ ಬಟ್ಟೆ. ಗಿಡಗಳ ನಡುವೆ ಮೊಣಕಾಲೆತ್ತರಕ್ಕೆ ಕಡ್ಡಿ ನೆಟ್ಟು ಬಿಳಿ ಹಾಳೆಗಳನ್ನು ಸಿಕ್ಕಿಸಿ, ಹುಳುಮನೆಯವರೆಗೆ ಸಾಲಾಗಿ ಇಟ್ಟೆ. ಒಂದು ಗಂಟೆ ಕಾದು ತೆಗೆದೆ. ಪ್ರತಿ ಹಾಳೆಯಲ್ಲೂ ಸೂಜಿಮೊನೆಯಂಥ ನೀಲಿ ಚುಕ್ಕೆಗಳಿದ್ದವು. ಚಪ್ಪರದ ಹತ್ತಿರ ಒತ್ತಾಗಿ, ಕೆಳಗೆ ವಿರಳವಾಗಿ. ಹುಳುಮನೆಯ ಬಾಗಿಲಿನ ಹಾಳೆಯಲ್ಲೂ ಇದ್ದವು. ಅವನ್ನು ತೆಗೆದುಕೊಂಡು ನೇರ ದೊಡ್ಡಪ್ಪನ ಮನೆಗೆ ಹೋದೆ.

ಅವರು ಕನ್ನಡಕ ಹಾಕಿಕೊಂಡು ಒಂದೊಂದೇ ಹಾಳೆಯನ್ನು ಬೆಳಕಿಗೆ ಹಿಡಿದು ನೋಡಿದರು. ನೋಡಲಿಲ್ಲ ಎಂದು ಹೇಳಲಾರೆ.

"ಇದು ನೊಣ ಕೂತಿದ್ದಲ್ವೇನಮ್ಮ?"

"ನೀಲಿ ಬಣ್ಣ ಐತಲ್ಲ ದೊಡ್ಡಪ್ಪ."

"ಐತೆ, ಐತೆ." ಹಾಳೆಗಳನ್ನು ಜೋಡಿಸಿ ನನ್ನ ಕೈಗೆ ಕೊಟ್ಟರು. "ಇರ್ಲಿ, ಇವತ್ತು ಗಾಳಿ ಇದ್ದಿರ್ಬೇಕು. ಆವತ್ತು ಇರ್ಲಿಲ್ಲ ಅಂತ ಹೇಳಿದ್ದು ನೀನೇ ಅಲ್ವಾ? ನಾಲ್ಕ್ ಜನದ ಮುಂದೆ ಹೇಳ್ಬಿಟ್ಟು ಈಗ ಕಾಗ್ದ ತಂದ್ರೆ ಹೆಂಗಮ್ಮಾ? ಅವನು ಆ ಎಕರೆಗೆ ನೆಡಕ್ಕೆ ಆಗ್ಲೇ ದ್ರಾಕ್ಷಿ ಕಡ್ಡಿಗೆ ಹೇಳವ್ನೆ."

ಅಲ್ಲಿಂದ ಅಕ್ಕನ ಕೋಣೆಗೆ ಹೋದೆ. ಅವಳು ಚಂದ್ರಿಕೆಗಳನ್ನು ಒಂದರ ಮೇಲೊಂದು ಪೇರಿಸಿ ಹಗ್ಗ ಕಟ್ಟುತ್ತಿದ್ದಳು. ಹಾಳೆಗಳನ್ನು ಅವಳ ಮುಂದೆ ಹರಡಿ ಎಲ್ಲವನ್ನೂ ಹೇಳಿದೆ. ಬಿಲ್ಲೆ, ಬೆಳಗಿನ ಹೊತ್ತು, ಹೊಗೆ, ಬುಧವಾರ. ಬುಧವಾರವನ್ನೂ ಬಿಡಲಿಲ್ಲ. ಅವಳು ಹಗ್ಗ ಬಿಗಿಯುವುದನ್ನು ನಿಲ್ಲಿಸದೆ ಕೇಳಿಸಿಕೊಂಡಳು.

"ಅಂದ್ರೆ ಆವತ್ತು ಅಲ್ಲಿ ಕೂತಿದ್ದಾಗ ನಿಂಗೆ ಗೊತ್ತಿತ್ತು."

"ಗೊತ್ತಿತ್ತು ಕಣಕ್ಕ."

"ನನ್ ಹುಳಕ್ಕೆ ಸಪ್ಪೆ ಅಂದ್ರು. ನೀನು ಕಾಫಿ ಕುಡಿದೆ."

ಅವಳು ಆ ಹಾಳೆಗಳಲ್ಲಿ ಒಂದನ್ನು ಮಡಚಿ ತೆಗೆದಿಟ್ಟುಕೊಂಡಳು. ಯಾಕೆ ಎಂದು ಕೇಳುವ ಧೈರ್ಯ ನನಗಾಗಲಿಲ್ಲ. ತಿಂಗಳೊಳಗೆ ಹಿಪ್ಪುನೇರಳೆಯನ್ನು ಬೇರು ಸಮೇತ ಕಿತ್ತು ದ್ರಾಕ್ಷಿಗೆ ಗುಂಡಿ ತೋಡಿದರು. ತಮ್ಮನ ಮನೆಯಲ್ಲಿ ಅಕ್ಕ ಒಂದು ದಿನವೂ ಇರಲಿಲ್ಲ. ಮೇಲೂರಿನಲ್ಲಿ ಒಬ್ಬರ ಹುಳುಮನೆಯಲ್ಲಿ ಕೆಲಸಕ್ಕೆ ಸೇರಿದಳು. ಅಲ್ಲೇ ಒಂದು ಕೋಣೆ ಕೊಟ್ಟಿದ್ದಾರೆ.

ಹೋದ ತಿಂಗಳು ಅವಳನ್ನು ನೋಡಲು ಹೋಗಿದ್ದೆ. ಹುಳಕ್ಕೆ ರೋಗ ತಗಲೀತೆಂದು ಅಲ್ಲಿ ಹೊರಗಿನವರು ಒಳಗೆ ಹೋಗುವಂತಿಲ್ಲ. ಬಾಗಿಲಲ್ಲಿ ಹರಡಿದ್ದ ಸುಣ್ಣದ ಪುಡಿಯ ಈಚೆಗೆ ನಾನು ನಿಂತೆ, ಆಚೆಗೆ ಅವಳು. ಆ ಮನೆಯ ಯಜಮಾನರು ಪಕ್ಕದಲ್ಲಿ ಸೈಕಲ್ಲು ಒರೆಸುತ್ತಿದ್ದರು. ನಾನು ತಂಗಿ ಎಂದು ತಿಳಿದು ಖುಷಿಯಿಂದ ಮಾತಾಡಿಸಿದರು.

"ನಿಮ್ಮಕ್ಕ ಭಾಳ ಜಾಣೆ ಬಿಡಿ. ಮೇಲ್ಗಡೆ ಹೊಲದಲ್ಲಿ ಟೊಮೊಟೊ ಹಾಕವ್ರೆ. ಚಳಿಗಾಲದ ಬೆಳಿಗ್ಗೆ ಔಷಧಿ ಹೊಡುದ್ರೆ ಗಾಳಿ ಇಲ್ದಿದ್ರೂ ಸೊಪ್ಪು ಕುಯ್ಯಕ್ ಬಿಡಲ್ಲ. ಒಲೆ ಹೊಗೆ ನೋಡಿ ಅಂತಾರೆ, ಅಡ್ಡ ಹರಿದ್ರೆ ಬೇಡ ಅಂತಾರೆ. ಹೋದ್ ಸಲ ಆ ಕಡೆ ಮನೆಯವ್ರ ಹುಳ ಅಷ್ಟೂ ಹೋದ್ವು, ನಮ್ದು ಒಂದೂ ಹೋಗ್ಲಿಲ್ಲ. ಯಾರಮ್ಮ ಹೇಳ್ಕೊಟ್ರು ಅಂದ್ರೆ ಯಾರೂ ಇಲ್ಲ ಅಂತಾರೆ."

ನಾನು ಅಕ್ಕನ ಮುಖ ನೋಡಿದೆ. ಅವಳು ಸೊಪ್ಪಿನ ಬುಟ್ಟಿಯನ್ನು ಸೊಂಟಕ್ಕೆ ಏರಿಸಿಕೊಳ್ಳುತ್ತಿದ್ದಳು. ಯಜಮಾನರು ಸೈಕಲ್ಲು ತಳ್ಳಿಕೊಂಡು ಹೋದ ಮೇಲೆ ನಾನು ಕೇಳಿದೆ, "ಅಕ್ಕ, ಟೊಮೊಟೊದವ್ರ ಹತ್ರ ನಾನು ಬಂದು ಹೇಳ್ಲಾ? ಬಿಲ್ಲೆ ಬದಲಾಯಿಸಿದ್ರೆ ಎಲ್ಲಾರ ಹುಳನೂ ಉಳಿಯುತ್ತೆ."

"ಬೇಡ. ನಾನೇ ಹೇಳ್ತೀನಿ. ನಂಗೆ ಹೇಳಕ್ ಬರುತ್ತೆ."

"ನಿನ್ ಮಾತು ಕೇಳ್ತಾರಾ?"

"ಕೇಳ್ದಿದ್ರೆ ಇನ್ನೊಂದ್ಸಲ ಹೇಳ್ತೀನಿ." ಬುಟ್ಟಿ ಸರಿಮಾಡಿಕೊಂಡಳು. "ನೀನು ಹೋಗು ಕಣೇ, ಬಸ್ಸು ತಪ್ಪುತ್ತೆ. ಹುಳಕ್ಕೆ ಹೊತ್ತಾಯ್ತು."